ಅಕ್ಕನೂ ಬೇಡ, ತಂಗಿಯೂ ಬೇಡ

ಗೌರಿಬಿದನೂರು

ನ್ಯೂಜಿಲೆಂಡಿಗೆ ಹೊರಡುವ ಮೊದಲೇ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ವಿಮಾನ ಹತ್ತಿದೆ, ಇನ್ನೊಂದಷ್ಟು ಸೇರಿಸಿಕೊಂಡು ಇಳಿದೆ. ಹಾಗಾಗಿ ಹಿಮದ ಬೆಟ್ಟ, ನೀಲಿ ಸರೋವರಗಳ ವರ್ಣನೆಗೆ ಕಾದವರು ಈಗಲೇ ಪುಟ ತಿರುಗಿಸಬಹುದು. ನಾನು ಅಷ್ಟು ದೂರ ಹೋದದ್ದು ಎರಡು ಪೊದೆಗಳನ್ನು ನೋಡಲಿಕ್ಕೆ.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಚಿಂತಾಮಣಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಊರೂರಿಗೆ ಗಿಡ ನೆಡುವ ಹುಮ್ಮಸ್ಸು ಹತ್ತಿದ್ದ ಕಾಲ ಅದು. ಗೌರಿಬಿದನೂರಿನಲ್ಲೂ ಒಂದು ಹಸಿರು ಸಮಿತಿ ಹುಟ್ಟಿಕೊಂಡಿತ್ತು. ಗಿಡದ ವಿಷಯ ಓದಿದವಳೆಂದು ನನ್ನನ್ನೂ ಅದಕ್ಕೆ ಸೇರಿಸಿಕೊಂಡಿದ್ದರು. ಅದರ ಅಧ್ಯಕ್ಷರ ಕಣ್ಣಿಗೆ ಯಾವುದೋ ಕ್ಯಾಲೆಂಡರಿನಲ್ಲಿ ಗುಡ್ಡದ ತುಂಬ ಹಳದಿ ಹೂ ಅರಳಿದ ಚಿತ್ರ ಬಿತ್ತು. ಅದು ಬ್ರೂಮ್ ಎಂಬ ಗಿಡ. ಯುರೋಪಿನ ಹಳ್ಳಿಗಳಲ್ಲಿ ಹಿಂದೆ ಅದರ ಕಡ್ಡಿ ಕಟ್ಟಿ ಕಸ ಗುಡಿಸುತ್ತಿದ್ದರಂತೆ. ನಮ್ಮ ಮಾತಿನಲ್ಲಿ ಪೊರಕೆ ಗಿಡ ಎನ್ನೋಣ. ಅದರಲ್ಲಿ ಒಂದೇ ಬಳಗದ ಎರಡು ಜಾತಿ, ಒಂದು ಸ್ಕಾಚ್ ಬ್ರೂಮ್, ಇನ್ನೊಂದು ಫ್ರೆಂಚ್ ಬ್ರೂಮ್. ಎರಡರಲ್ಲಿ ಒಂದನ್ನು ಮಂಚೇನಹಳ್ಳಿ ಹತ್ತಿರದ ಗೋಮಾಳದ ಗುಡ್ಡಕ್ಕೆ ಬಿತ್ತುವುದೆಂದು ಸಮಿತಿ ತೀರ್ಮಾನಿಸಿತು. ಬೀಜ ಮಾರುವ ನ್ಯೂಜಿಲೆಂಡಿನ ಕಂಪನಿಯೊಂದು, ಇಬ್ಬರು ಬಂದು ನೋಡಿ ಆರಿಸಿಕೊಳ್ಳಿ ಎಂದು ಆಹ್ವಾನ ಕಳಿಸಿತು.

ಆ ಗುಡ್ಡ ನಮ್ಮೂರ ಗುಡ್ಡ. ನನ್ನ ಚಿಕ್ಕಮ್ಮ ಅಕ್ಕಯ್ಯಮ್ಮನ ಕುರಿ ಮೇಯುವುದು ಅಲ್ಲಿ. ಊರ ಹೆಂಗಸರು ಪೊರಕೆ ಕಟ್ಟುವ ಹಂಚಿಹುಲ್ಲು ಕೊಯ್ಯುವುದೂ ಅಲ್ಲೇ. ಹಳದಿ ಹೂವೇ ಬೇಕೆಂದರೆ ತಂಗಡಿ ಗಿಡಗಳಿವೆ. ಯಾರೂ ಬಿತ್ತದೆ, ನೀರು ಹಾಕದೆ ಬೆಳೆದು ಮಣ್ಣು ಹಿಡಿದುಕೊಂಡು ನಿಂತಿವೆ. ಅದನ್ನೇ ಸಭೆಯಲ್ಲಿ ಎದ್ದು ನಿಂತು ಹೇಳಿದೆ.

ಅಧ್ಯಕ್ಷರು ನಕ್ಕರು. "ನೋಡಮ್ಮಾ, ಗಿಡ ಹಾಕೋದು ಆಗ್ಲೇ ಡಿಸೈಡ್ ಆಗೋಗಿದೆ. ಎರಡ್ರಲ್ಲಿ ಯಾವ್ದು ಅನ್ನೋದಷ್ಟೇ ನಿಮ್ಮನ್ನ ಕೇಳ್ತಿರೋದು. ಓದಿರೋರು ನೀವು, ನೋಡ್ಕೊಂಬಂದು ಒಂದು ಹೇಳ್ಬಿಡಿ, ಸಾಕು."

ನನಗೆ ಪಿತ್ತ ನೆತ್ತಿಗೇರಿತು. ಆದರೂ ಒಪ್ಪಿಕೊಂಡೆ. ನಾನು ಒಲ್ಲೆ ಎಂದರೆ ಕ್ಯಾಲೆಂಡರ್ ನೋಡಿ ಮೆಚ್ಚುವ ಇನ್ನೊಬ್ಬರು ಹೋಗುತ್ತಿದ್ದರು. ಊರಿಗೆ ಹೋಗಿ ಚಿಕ್ಕಮ್ಮನಿಗೆ ವಿಷಯ ತಿಳಿಸಿದಾಗ ಅವಳು ಹುಲ್ಲು ಹದ ಮಾಡುತ್ತ ಕೂತಿದ್ದಳು.

"ಇದೇನೇ ಸರೋಜ, ಎರಡು ಸೀರೆ ಮುಂದಿಟ್ಟು ಯಾವ್ದು ಉಡ್ತೀಯ ಅಂತಾರಲ್ಲ. ನಂಗೆ ಸೀರೇನೇ ಬ್ಯಾಡ ಅನ್ನೋಕೆ ಬಾಯಿಲ್ವೇನೇ ನಿಂಗೆ?" ಎಂದಳು. ಹುಲ್ಲು ಪಕ್ಕಕ್ಕಿಟ್ಟು, "ಹೋಗ್ಬಿಟ್ಟು ಬಾರಮ್ಮ. ಹೂವ ನೋಡ್ಬೇಡ. ಅಲ್ಲಿ ಕುರಿ ಏನಾಗವೆ ನೋಡ್ಕಂಡು ಬಾ," ಎಂದಳು.

ಕ್ರೈಸ್ಟ್‌ಚರ್ಚ್

ನನ್ನ ಜೊತೆ ಬಂದವರು ಸಮಿತಿಯ ಕಾರ್ಯದರ್ಶಿ ನರಸಿಂಹಮೂರ್ತಿ. ಶಿಡ್ಲಘಟ್ಟದವರು, ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಗುಮಾಸ್ತರಾಗಿದ್ದವರು. ಅವರಷ್ಟು ಸಾಧು ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ಬಲು ಕಷ್ಟ. ದಾರಿಯುದ್ದಕ್ಕೂ ಆ ಕಷ್ಟದ ಕೆಲಸವನ್ನು ನಾನು ಬಿಡದೆ ಮಾಡಿದೆ. ಕಿಟಕಿ ಪಕ್ಕ ಕೂತು ಸಮುದ್ರ ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದರು. ಊಟ ತಂದ ಹುಡುಗಿಗೂ ಮುಗಿದರು. ಆಕೆಯೂ ಟ್ರೇ ಪಕ್ಕಕ್ಕಿಟ್ಟು ಮುಗಿದಳು.

ವಿಮಾನ ಇಳಿದ ಕೂಡಲೇ ನಮ್ಮನ್ನು ಪಕ್ಕಕ್ಕೆ ಕರೆದು ಪೆಟ್ಟಿಗೆ ಬಿಚ್ಚಿಸಿದರು. ನನ್ನ ಹುಣಸೆಹಣ್ಣಿನ ಉಂಡೆ, ಕಡಲೆಬೀಜ, ಮೂರ್ತಿಯವರ ತುಳಸಿ ದಳ, ಒಣಕೊಬ್ಬರಿ, ಅಕ್ಷತೆ ಎಲ್ಲ ಕಸದ ಡಬ್ಬಕ್ಕೆ ಹೋಯಿತು. ಹುಣಸೆ ಉಂಡೆಯನ್ನು ಆ ಅಧಿಕಾರಿ ಎರಡು ಬೆರಳಲ್ಲಿ ಎತ್ತಿ ಹಿಡಿದ ರೀತಿ ನೋಡಬೇಕಿತ್ತು, ಸತ್ತ ಇಲಿ ಹಿಡಿದ ಹಾಗೆ! ಆಮೇಲೆ ನನ್ನ ಚಪ್ಪಲಿ ಬಿಚ್ಚಿಸಿ, ಅಡಿಯಲ್ಲಿ ಅಂಟಿದ್ದ ನಮ್ಮೂರ ಕೆಂಪು ಮಣ್ಣನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು ಕೊಟ್ಟ. ಅಷ್ಟು ಹೊತ್ತು ನಾನು ಸೀರೆ ಎತ್ತಿಕೊಂಡು ಬರಿಗಾಲಲ್ಲಿ ನಿಂತಿದ್ದೆ. ಅವಮಾನದಿಂದ ಕಣ್ಣಲ್ಲಿ ನೀರು ಬಂತು.

"ದೇವ್ರ ಅಕ್ಷತೇನೂ ಬಿಡ್ಲಿಲ್ವಲ್ಲ ಮೇಡಂ. ಇವ್ರಿಗೇನು ದೇವ್ರು ದಿಂಡ್ರು ಒಂದೂ ಇಲ್ವಾ?" ಎಂದು ಮೂರ್ತಿ ಮರುಗಿದರು. ಚೌಕಟ್ಟು ಹಾಕಿದ ದೇವರ ಪಟವನ್ನು ಮಾತ್ರ ಬಿಟ್ಟಿದ್ದರು. ಅದನ್ನು ಎದೆಗೆ ಅವಚಿಕೊಂಡೇ ಹೊರಗೆ ಬಂದರು.

ಮರುದಿನ ಕಂಪನಿಯ ನರ್ಸರಿಗೆ ಹೋದೆವು. ಟೈ ಕಟ್ಟಿದ ಮನುಷ್ಯನೊಬ್ಬ ಎರಡು ಕುಂಡಗಳನ್ನು ಮೇಜಿನ ಮೇಲಿಟ್ಟು, ಇದು ಸ್ಕಾಚ್, ಇದು ಫ್ರೆಂಚ್, ಎರಡೂ ಅಪ್ಪಟ ಸಾಧು ಗಿಡಗಳು ಎಂದ. ನೀರು ಬೇಡ, ಗೊಬ್ಬರ ಬೇಡ, ಬಿತ್ತಿ ಮರೆತುಬಿಡಿ ಎಂದ. ಇವುಗಳಿಂದ ಯಾರಿಗೂ ತೊಂದರೆಯಾಗಿಲ್ಲವೇ ಎಂದು ಕೇಳಿದರೆ, ಇಷ್ಟಗಲ ನಕ್ಕು, ತಮಗೆ ಯಾವುದು ಇಷ್ಟವಾಯಿತು ಎಂದ.

ಅಲ್ಲಿಗೆ ನನ್ನ ಸಿಟ್ಟಿನ ದಿಕ್ಕು ಬದಲಾಯಿತು. ನನ್ನ ಚಪ್ಪಲಿಯ ಚಿಟಿಕೆ ಮಣ್ಣು ತಮ್ಮ ದೇಶಕ್ಕೆ ಸೋಕಬಾರದು ಎಂದು ಬ್ರಷ್ಷು ಹಿಡಿಯುವ ದೇಶ, ಡಬ್ಬಗಟ್ಟಲೆ ಬೀಜ ನಮ್ಮ ಗುಡ್ಡಕ್ಕೆ ಸುರಿಯಲು ತಯಾರಾಗಿತ್ತು. ನಾವು ಅದಕ್ಕೆ ಕೈ ಮುಗಿಯಲು ತಯಾರಾಗಿದ್ದೆವು. ಯಾರನ್ನು ಮೊದಲು ಬೈಯಬೇಕೋ ತಿಳಿಯದೆ ಹಲ್ಲು ಕಚ್ಚಿಕೊಂಡು ಕೂತೆ.

ಜೀನ್ ಮನೆ

ಪೇಟೆಯ ಹೋಟೆಲಿನಲ್ಲಿ ಮೂರ್ತಿಯವರ ಹೊಟ್ಟೆಗೆ ಆಗುವುದು ಏನೂ ಸಿಗದೆ, ಕಂಪನಿಯವರು ನಮ್ಮನ್ನು ಗುಡ್ಡದ ಬುಡದ ಒಂದು ಮನೆಗೆ ಕಳಿಸಿದರು. ಅತಿಥಿಗಳನ್ನು ಇರಿಸಿಕೊಳ್ಳುತ್ತಿದ್ದ ಜೀನ್ ಎಂಬ ಹೆಂಗಸಿನ ಮನೆ ಅದು. ಗಂಡ ತೀರಿಹೋದ ಮೇಲೆ ಒಬ್ಬಳೇ ಕುರಿ ಸಾಕಿಕೊಂಡಿದ್ದಳು. ನೀಳ ಕೈಕಾಲಿನ, ಕಡಿಮೆ ಮಾತಿನ ಹೆಂಗಸು. ಜೀಪಿನಲ್ಲಿ ಮುಂದಿನ ಸೀಟು ನಾಯಿಗೆ, ಹಿಂದಿನದು ನಮಗೆ. ನಾಯಿ ಒಮ್ಮೆ ನಮ್ಮನ್ನು ತಿರುಗಿ ನೋಡಿ ಮತ್ತೆ ರಸ್ತೆಯ ಕಡೆ ಗಮನ ಕೊಟ್ಟಿತು. ಬಿಸಿಲು ಇನ್ನೂ ಚುರುಗುಟ್ಟುತ್ತಿರುವಾಗಲೇ ರಾತ್ರಿ ಊಟ ಮುಗಿಸಿಬಿಡುತ್ತಿದ್ದಳು. ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ. ಊಟಕ್ಕೆ ಬೇಯಿಸಿದ ಬಟಾಣಿ ಮತ್ತು ಆಲೂಗಡ್ಡೆ. ಮರುದಿನ ಬೇರೆ ಏನೋ ಮಾಡಿದ್ದೇನೆಂದು ಹೆಮ್ಮೆಯಿಂದ ಹೇಳಿ, ಆಲೂಗಡ್ಡೆಯನ್ನು ಮೊದಲು ಬಡಿಸಿ ಬಟಾಣಿಯನ್ನು ಆಮೇಲೆ ಬಡಿಸಿದಳು.

ಅವಳು ಪೊರಕೆಯನ್ನು ಕಡ್ಡಿ ಮೇಲಾಗಿ ಬಾಗಿಲ ಪಕ್ಕ ನಿಲ್ಲಿಸುತ್ತಿದ್ದಳು. ನಮ್ಮಲ್ಲಿ ಹಾಗೆ ನಿಲ್ಲಿಸಿದರೆ ಮನೆಗೆ ಕೇಡು. ಮೂರ್ತಿ ಅದನ್ನು ಮೆಲ್ಲಗೆ ಮಲಗಿಸುತ್ತಿದ್ದರು. ಜೀನ್ ಬಂದು ಮತ್ತೆ ಎತ್ತಿ ನಿಲ್ಲಿಸುತ್ತಿದ್ದಳು. ನಾವಿದ್ದಷ್ಟು ದಿನವೂ ಹೀಗೇ ನಡೆಯಿತು.

ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಕಿಟಕಿಯ ಕಟ್ಟೆ ಮೇಲೆ ದೇವರ ಪಟವಿಟ್ಟು ಮೂರ್ತಿ ಪೂಜೆ ಮಾಡುತ್ತಿದ್ದರು. ಹೂವಿಗೆ ಬೇಲಿಯಾಚೆಯ ಹಳದಿ ರೆಂಬೆಗಳು. ಮೊದಲ ದಿನದ ಹೂವನ್ನು ಮರುದಿನ ಜೀನ್ ಬಾಚಿ ಉರಿಯುವ ಒಲೆಗೆ ಹಾಕಿಬಿಟ್ಟಳು. ಮೂರ್ತಿ ನನ್ನ ಹತ್ತಿರ ಓಡಿ ಬಂದರು.

"ದೇವ್ರಿಗೆ ಏರ್ಸಿದ್ದು ಮೇಡಂ! ನೀರಿಗೆ ಬಿಡ್ಬೇಕು, ಇಲ್ದಿದ್ರೆ ಯಾರೂ ತುಳೀದಿರೋ ಗಿಡದ ಬುಡಕ್ಕೆ ಹಾಕ್ಬೇಕು. ಒಲೆಗೆ ಹಾಕ್ತಾರಾ ಯಾರಾದ್ರೂ?"

"ಅವಳ ಮನೆ, ಅವಳ ಒಲೆ, ಮೂರ್ತಿಗಳೇ. ಸುಮ್ಮನಿರಿ," ಎಂದು ರೇಗಿದೆ. ಜೀನ್ ಯಾಕೆ ಅಷ್ಟು ಅವಸರದಿಂದ ಅದನ್ನು ಸುಟ್ಟಳು ಎಂಬುದು ನನಗೆ ತಿಳಿದದ್ದು ಗುಡ್ಡ ಹತ್ತಿದ ಮೇಲೆ.

ಗುಡ್ಡದ ಮೇಲೆ

ಮೇಲೆ ಹತ್ತಿ ನಿಂತಾಗ, ಸುಳ್ಳು ಯಾಕೆ ಹೇಳಲಿ, ಉಸಿರು ಕಟ್ಟಿತು. ಎರಡೂ ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ಹಳದಿ. ಮೂರ್ತಿ ಕೈ ಮುಗಿದರು. ನನಗೂ ಒಂದು ಗಳಿಗೆ ಮುಗಿಯೋಣ ಅನ್ನಿಸಿತು.

ಆಮೇಲೆ ಪಾಠ ಮಾಡುವ ಬುದ್ಧಿ ಎಚ್ಚರವಾಯಿತು. ಒಂದೊಂದು ರೆಂಬೆ ಮುರಿದು ಪಕ್ಕಪಕ್ಕ ಇಟ್ಟು ನೋಡಿದೆ. ಸ್ಕಾಚ್ ಬ್ರೂಮನ್ನು ಅಕ್ಕ ಎಂದುಕೊಂಡೆ, ಫ್ರೆಂಚನ್ನು ತಂಗಿ. ಅಕ್ಕ ಸಣಕಲು. ಎಲೆ ಅಷ್ಟಕ್ಕಷ್ಟೇ, ಚಳಿಗಾಲಕ್ಕೆ ಅದೂ ಉದುರಿ ಬರೀ ಹಸಿರು ಕಡ್ಡಿಗಳ ಕಂತೆ. ಆ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರೆ ಏಣುಗಳು ಒತ್ತುತ್ತವೆ. ಹೂ ದೊಡ್ಡದು, ಬಿಡಿಬಿಡಿ. ಕಾಯಿಯ ಎರಡು ಅಂಚಿಗೆ ಮಾತ್ರ ರೋಮ. ತಂಗಿ ಮೈತುಂಬಿದವಳು. ವರ್ಷವಿಡೀ ಎಲೆ, ಎಳೆ ಕಡ್ಡಿಗೆ ಬೆಳ್ಳಗೆ ಮೆತ್ತನೆಯ ನವಿರು. ಹೂ ಪುಟ್ಟದು, ಗೊಂಚಲು ಗೊಂಚಲು. ಕಾಯಿಯ ಮೈಯೆಲ್ಲ ರೋಮ, ಬೆಕ್ಕಿನ ಮರಿಯ ಕಿವಿ ಮುಟ್ಟಿದ ಹಾಗೆ. ಇಬ್ಬರಲ್ಲೂ ಅದೇ ಹಳದಿ, ಅವರೆ ಹೂವಿನದೇ ಆಕಾರ. ಕ್ಲಾಸಿನಲ್ಲಿ ಪಾಠ ಮಾಡಲು ಇದಕ್ಕಿಂತ ಚೆಂದದ ಜೋಡಿ ಸಿಗದು.

ಅಷ್ಟರಲ್ಲಿ ಬಿಸಿಲೇರಿತು. ಪೊದೆಗಳೊಳಗಿಂದ ಚಟಪಟ ಶಬ್ದ ಶುರುವಾಯಿತು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ಒಣಗಿದ ಕಾಯಿಗಳು ಸಿಡಿದು, ಸಿಪ್ಪೆ ತಿರುಚಿಕೊಂಡು, ಬೀಜಗಳು ನಮ್ಮ ಮುಖಕ್ಕೇ ಬಂದು ಬಡಿದವು.

"ಅಲ್ಲಿ ನನ್ನ ಅಪ್ಪ ಕುರಿ ಮೇಯಿಸುತ್ತಿದ್ದ," ಎಂದಳು ಜೀನ್, ಹಳದಿಯ ಕಡೆ ಕೈ ತೋರಿಸಿ. ಅವಳ ಅಜ್ಜಿ ಹಡಗಿನಲ್ಲಿ ಬರುವಾಗ ತವರಿನ ನೆನಪಿಗೆಂದು ಅಕ್ಕನ ಬೀಜ ತಂದು ಬೇಲಿಗೆ ಹಾಕಿದ್ದಳಂತೆ. ತಂಗಿಯನ್ನು ಪಕ್ಕದ ಜಮೀನಿನವರು ಹೂದೋಟಕ್ಕೆಂದು ತಂದಿದ್ದರು. ಎಳೆಯ ಗಿಡವನ್ನು ಕುರಿ ಅಷ್ಟಿಷ್ಟು ಕಡಿಯುತ್ತದೆ. ಒಮ್ಮೆ ಪೊದೆ ಕಟ್ಟಿತೆಂದರೆ ಒಳಗೆ ಕುರಿಯೂ ನುಗ್ಗದು, ಹುಲ್ಲೂ ಹುಟ್ಟದು. ಕಡಿದರೆ ಚಿಗುರುತ್ತದೆ. ಪೊದೆಗೆ ಬೆಂಕಿಯಿಟ್ಟರೆ ಮಣ್ಣಿನೊಳಗಿನ ಬೀಜ ಇನ್ನೂ ಹುರುಪಿನಿಂದ ಏಳುತ್ತದೆ. ಹತ್ತಾರು ವರ್ಷ ಮಣ್ಣಲ್ಲಿ ಮಲಗಿದ್ದು ಏಳುವ ಬೀಜ ಅದು. ಜೀನ್ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಕೀಳುತ್ತಲೇ ಇದ್ದಾಳೆ.

"ಹಾಗಾದರೆ ಎರಡರಲ್ಲಿ ಯಾವುದು ವಾಸಿ?" ಎಂದು ಮೂರ್ತಿ ತಮ್ಮ ಇಂಗ್ಲಿಷಿನಲ್ಲಿ ಕೇಳಿಬಿಟ್ಟರು.

ಜೀನ್ ಸಿಡಿದಳು. "ಒಂದು ನನ್ನ ಬಿಸಿಲಿನ ಮಗ್ಗುಲನ್ನು ನುಂಗಿತು, ಇನ್ನೊಂದು ನೆರಳಿನ ಮಗ್ಗುಲನ್ನು. ಯಾವುದು ವಾಸಿ ಅಂತ ನೀವೇ ಹೇಳಿ! ಇದನ್ನು ಊರಿಗೆ ಒಯ್ಯಲು ಬಂದಿದ್ದೀರಾ? ತಲೆ ಕೆಟ್ಟಿದೆಯಾ ನಿಮಗೆ?"

ಆ ದೇಶದಲ್ಲಿ ನನಗೆ ಮೊದಲ ಬಾರಿಗೆ ಮನಸ್ಸು ಹಗುರವಾಯಿತು. ನನ್ನಷ್ಟೇ ಕೋಪಿಷ್ಠ ಹೆಂಗಸೊಬ್ಬಳು ಸಿಕ್ಕಿದ್ದಳು. ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಗಿಡ ಕಿತ್ತೆವು. ಅವಳು ಅವಳ ಅಜ್ಜಿಯನ್ನು ಬೈದಳು, ನಾನು ನಮ್ಮ ಅಧ್ಯಕ್ಷರನ್ನು ಕನ್ನಡದಲ್ಲಿ ಬೈದೆ. ಅವಳಿಗೆ ಅರ್ಥವಾದಂತೆಯೇ ಇತ್ತು. ಹೊರಡುವ ದಿನ ಕಂಪನಿಯವನು ಎರಡು ಡಬ್ಬ ಮಾದರಿ ಬೀಜ ತಂದುಕೊಟ್ಟ. ಅವನ ಕಾರು ತಿರುವು ದಾಟುವ ಮೊದಲೇ ನಾನು ಎರಡನ್ನೂ ಜೀನಳ ಒಲೆಗೆ ಸುರಿದೆ. ನನ್ನ ಚಪ್ಪಲಿಯನ್ನು ನಾನೇ ಬ್ರಷ್ಷು ಹಾಕಿ ತಿಕ್ಕಿ ತೊಳೆದೆ, ಸೀರೆಯ ನೆರಿಗೆ, ಚೀಲದ ಮೂಲೆಗಳನ್ನೂ ಬಿಡದೆ ಕೊಡವಿದೆ.

ಮದ್ರಾಸು

ಇಳಿದಾಗ ನಮ್ಮ ಅಧಿಕಾರಿ ಕೇಳಿದ್ದು ಮೂರೇ ಮಾತು. "ಟೇಪ್ ರೆಕಾರ್ಡರ್? ಕ್ಯಾಮೆರಾ? ಚಿನ್ನ?" ಯಾವುದೂ ಇಲ್ಲ ಎಂದದ್ದಕ್ಕೆ ಅವನಿಗೆ ನಮ್ಮ ಮೇಲೆ ತಿರಸ್ಕಾರವೇ ಹುಟ್ಟಿತು. ಚೀಲ ಬಿಚ್ಚಿಸಲೂ ಇಲ್ಲ. ಗಿಡ, ಬೀಜ, ಮಣ್ಣು ಏನಾದರೂ ಉಂಟೇ ಎಂದು ಕೇಳಬೇಕಲ್ಲವೇ ನೀವು ಎಂದು ನಾನೇ ಜಗಳ ತೆಗೆದೆ. "ನಡೀರಿ ಮೇಡಂ, ಹಿಂದೆ ಜನ ನಿಂತವ್ರೆ," ಎಂದು ಮೂರ್ತಿ ನನ್ನನ್ನು ಎಳೆದುಕೊಂಡು ಬಂದರು.

ಮತ್ತೆ ಗೌರಿಬಿದನೂರು

ಕಾಲೇಜಿನ ಪರೀಕ್ಷೆ ಅದು ಇದು ಎಂದು ಸಭೆ ಸೇರುವಷ್ಟರಲ್ಲಿ ಕೆಲವು ವಾರ ಕಳೆದವು. ಅಧ್ಯಕ್ಷರು ಹಾರ ತರಿಸಿದ್ದರು. "ಹೇಳಿ ಮೇಡಂ, ಯಾವ್ದು ಫೈನಲ್?"

"ಎರಡೂ ಬೇಡ."

"ಹಂಗಂದ್ರೆ ಹೆಂಗಮ್ಮಾ? ಒಂದ್ನ ಹೇಳಿ ಅಂತ ತಾನೇ ನಿಮ್ಮನ್ನ ಕಳ್ಸಿದ್ದು?"

ಬಾಯಿಗೆ ಬಂದದ್ದೆಲ್ಲ ಆಡಿದೆ. ಕುರಿಯವರನ್ನು ಕೇಳಿದಿರಾ, ಹುಲ್ಲು ಕೊಯ್ಯುವವರನ್ನು ಕೇಳಿದಿರಾ, ನಿಮ್ಮ ಕ್ಯಾಲೆಂಡರಿಗೆ ನಮ್ಮೂರ ಗುಡ್ಡವೇ ಬೇಕಿತ್ತಾ ಎಂದು ಮೇಜು ಕುಟ್ಟಿದೆ. ನಮ್ಮ ಬಿಸಿಲಿಗೆ ಆ ಗಿಡ ಬದುಕುವುದೋ ಸಾಯುವುದೋ ನನಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದನ್ನು ಬಿತ್ತಿ ನೋಡುವ ಹಕ್ಕು ಯಾರಿಗೂ ಇಲ್ಲ ಎಂದೆ. ಆಗ, ನಾನು ನಿರೀಕ್ಷಿಸದ ಕಡೆಯಿಂದ, ಮೂರ್ತಿ ಎದ್ದರು.

"ಅಧ್ಯಕ್ಷರೇ, ನಾನೂ ಕಣ್ಣಾರೆ ನೋಡ್ದೆ. ಕುರಿ ಒಳಕ್ಕೇ ಹೋಗಕ್ಕಾಗಲ್ಲ. ಆ ಯಮ್ಮ ಪಾಪ, ಕಿತ್ತು ಕಿತ್ತು ಕೈಯೆಲ್ಲ ಬೊಬ್ಬೆ. ನಮಗೆ ಈ ಪಾಪ ಬ್ಯಾಡ, ಬಿಟ್ಬಿಡಣ."

ನನ್ನ ಕೂಗಾಟಕ್ಕೆ ಬಗ್ಗದ ಸಭೆ ಅವರ ಮೆತ್ತಗಿನ ಮಾತಿಗೆ ಬಗ್ಗಿತು. ಯೋಜನೆ ಬಿದ್ದುಹೋಯಿತು. ಆ ದಿನ ಮೂರ್ತಿಯವರ ಮೇಲೆ ನನಗೆ ಬಂದಷ್ಟು ಅಭಿಮಾನ ಯಾರ ಮೇಲೂ ಬಂದಿರಲಿಲ್ಲ. ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿಸೋಣ ಬನ್ನಿ ಎಂದು ಅವರನ್ನೂ ಮಂಚೇನಹಳ್ಳಿ ಬಸ್ಸು ಹತ್ತಿಸಿಕೊಂಡು ಹೊರಟೆ.

ನಮ್ಮೂರ ಗುಡ್ಡ

ಚಿಕ್ಕಮ್ಮ ಕುರಿಯೊಂದಿಗೆ ಗುಡ್ಡದ ಮೇಲಿದ್ದಳು. ಬಂಡೆಯ ಸಂದಿಯಲ್ಲಿ ಬೇಸಿಗೆಗೂ ನೀರಾರದ ದೊಣೆಯೊಂದಿದೆ, ಪಕ್ಕದಲ್ಲಿ ಬಸರಿ ಮರ. ಅಲ್ಲಿಗೆ ಹೋಗುತ್ತಿದ್ದಂತೆ ಮೂರ್ತಿ ಚಪ್ಪಲಿ ಬಿಟ್ಟು ಮರದ ಬುಡಕ್ಕೆ ಕೈ ಮುಗಿದರು.

"ಇದೇನು?" ಎಂದೆ.

"ಇಲ್ಲೇ ಬಿಟ್ಟಿದ್ದು ಮೇಡಂ, ಬಂದ ವಾರದಲ್ಲೇ. ಆ ಯಮ್ಮ ಒಲೆಗೆ ಹಾಕ್ಬಿಟ್ಟ ಮೇಲೆ ದಿನಾ ಪೂಜೆ ಹೂವ್ನ ನಾನು ಪಂಚೇಲಿ ಕಟ್ಟಿಟ್ಕೊಂಡೆ. ಅಲ್ಲಿ ಹಾಕಕ್ಕೆ ಮನಸ್ಸು ಬರ್ಲಿಲ್ಲ. ನಿಮ್ಮೂರ ಗುಡ್ಡ ಅಂದ್ರೆ ಶುದ್ಧವಾಗದೆ, ನೀರೂ ಅದೆ, ಯಾರೂ ತುಳಿಯಲ್ಲ..."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಕಾಯಿ ಇತ್ತಾ ಅದರಲ್ಲಿ?"

"ಹೂವಿನ ರೆಂಬೇಲಿ ಒಂದೆರಡು ಕಾಯಿ ಇರ್ತವಲ್ಲ ಮೇಡಂ. ಕಿತ್ತಿದ್ನ ಹಂಗೇ ದೇವ್ರಿಗೆ ಏರ್ಸ್ತಿದ್ದೆ."

ಆ ಗುಡ್ಡದ ಮೇಲೆ ನಾನು ಕಿರುಚಿದ್ದಕ್ಕೆ ಕುರಿಗಳು ಚೆದುರಿ ಓಡಿದವು. ಏನೇನು ಬೈದೆನೋ ನೆನಪಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸಭೆಯಲ್ಲಿ ಇದೇ ಗುಡ್ಡ ಉಳಿಸಿದ ಮನುಷ್ಯ ಕಣ್ಣು ತುಂಬಿಕೊಂಡು, "ದೇವ್ರಿಗೆ ಇಟ್ಟಿದ್ನ ಕಸಕ್ಕೆ ಹೆಂಗ್ ಹಾಕ್ಲಿ ಮೇಡಂ?" ಎಂದು ಒಂದೇ ಮಾತು ಹೇಳುತ್ತಿದ್ದರು. ನಿಜಕ್ಕೂ ಅವರಿಗೆ ಬೇರೆ ಜಾಗ ತೋಚಿರಲಿಲ್ಲ. ಅದು ನೆನಪಾದಾಗ ಕೋಪ ಇನ್ನೂ ಹೆಚ್ಚಾಯಿತು.

ಅಗೆದೆವು. ಕಾಯಿಗಳೆಲ್ಲ ಸಿಡಿದು ಬರೀ ತಿರುಚಿದ ಸಿಪ್ಪೆ ಸಿಕ್ಕಿತು. ಬೀಜ ಮಣ್ಣಿನಲ್ಲಿ ಎಲ್ಲಿ ಕಲೆತಿದೆಯೋ ಕಾಣದು. ಕೊನೆಗೆ ಆ ಜಾಗದ ಮಣ್ಣನ್ನೇ ಮಂಕರಿಗಳಲ್ಲಿ ಹೊತ್ತು ತಂದು ಚಿಕ್ಕಮ್ಮನ ಹಂಡೆಗೆ ಹಾಕಿ, ನೀರು ಸುರಿದು, ಕುದಿಸಿದೆವು. ಮೂರ್ತಿ ಒಲೆ ಮುಂದೆ ಕೂತು ಸೌದೆ ತುರುಕುತ್ತ, ತಪ್ಪಾಯ್ತು ಸ್ವಾಮಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದರು.

"ಮಣ್ಣು ಬೇಸೋ ಗತಿ ಬಂತಲ್ಲೇ ಅಮ್ಮಯ್ಯ," ಎಂದಳು ಚಿಕ್ಕಮ್ಮ. ಸಿಟ್ಟಿಗೋ ನಗುವಿಗೋ ಅವಳ ಭುಜ ಕುಲುಕುತ್ತಿತ್ತು. ಆಮೇಲೆ ಸೌಟು ಕೆಳಗಿಟ್ಟು ಮೂರ್ತಿಯವರ ಕಡೆ ತಿರುಗಿದಳು. "ಅಪ್ಪಾ, ಎಲ್ಲಾ ಇಲ್ಲೇ ಹಾಕಿದ್ದಾ?"

ಮೂರ್ತಿ ನನ್ನ ಮುಖ ನೋಡಿದರು.

"ಕಡೇ ದಿನದ ಪೂಜೇದು ಪ್ರಸಾದ ಅಲ್ವಾ ತಾಯಿ. ದೂರ ದೇಶದ್ದು ಅಂತ ಎಲ್ರಿಗೂ ಒಂದೊಂದು ರೆಂಬೆ ಕೊಟ್ಟೆ. ಶಿಡ್ಲಘಟ್ಟದಲ್ಲಿ ಗೂಡು ಮಾರ್ಕೆಟ್ಟಿನೋರಿಗೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಅಕ್ಕನ ಮನೇಗೆ. ಅಧ್ಯಕ್ಷರ ಮನೆಯೋರಿಗೆ. ಚಿಂತಾಮಣೀಲಿ..." ಎಂದು ತಡೆದರು. "ನೀವು ಕಾಲೇಜಿಗೆ ಹೋಗಿದ್ರಿ ಮೇಡಂ. ನಿಮ್ಮ ಅತ್ತೆಯೋರ ಕೈಗೆ ಕೊಟ್ಬಂದೆ."

ಚಿಂತಾಮಣಿ

ಪ್ರಸಾದದ ಹೂವನ್ನು ನಮ್ಮ ಕಡೆ ಏನು ಮಾಡುತ್ತಾರೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಣ್ಣಿಗೊತ್ತಿಕೊಂಡು, ಮುಡಿದು, ಬಾಡಿದ ಮೇಲೆ ತುಳಸಿಯ ಬುಡಕ್ಕೆ ಹಾಕುತ್ತಾರೆ. ದಿನವೂ ನೀರು ಬೀಳುವ, ಯಾರೂ ತುಳಿಯದ, ತಾನಾಗಿ ಹುಟ್ಟಿದ್ದನ್ನು ಕೀಳಲೂ ಹೆಂಗಸರು ಹಿಂಜರಿಯುವ ಜಾಗ. ಬ್ರೂಮ್ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಪಾತಿಯನ್ನು ಯಾವ ಕಂಪನಿಯೂ ಮಾಡಿಕೊಡಲಾರದು.

ಮನೆಗೆ ಬಂದವಳೇ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅತ್ತೆ ತುಳಸಿಕಟ್ಟೆಗೆ ಅಡ್ಡ ನಿಂತರು. "ಪ್ರಸಾದ ಕಣಮ್ಮ, ಬುಡಕ್ಕೆ ಹಾಕ್ದೆ. ಇನ್ನೆಲ್ಲಿಗೆ ಹಾಕ್ಬೇಕಿತ್ತು? ಮುತ್ತೈದೆ ಆಗಿ ತುಳಸೀಗೆ ಗುದ್ದಲಿ ಹಾಕ್ತೀಯಾ?"

ಹಾಕಿದೆ. ಬುಡಸಮೇತ ಎತ್ತಿದೆ, ಮಣ್ಣೆಲ್ಲ ಬಾಚಿ ಕುದಿಸಿದೆ. ಅತ್ತೆ ತಿಂಗಳುಗಟ್ಟಲೆ ನನ್ನ ಕೈಯಿಂದ ನೀರನ್ನೂ ತೆಗೆದುಕೊಂಡು ಕುಡಿಯಲಿಲ್ಲ. ಅದು ನನ್ನ ಮನೆ, ಹಾಗಾಗಿ ನನ್ನ ಹಟ ನಡೆಯಿತು.

ಉಳಿದ ಮನೆಗಳಿಗೆ ಮೂರ್ತಿಯವರನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಹೋದೆ. ಶಿಡ್ಲಘಟ್ಟದಲ್ಲಿ, ಚಿಕ್ಕಬಳ್ಳಾಪುರದಲ್ಲಿ, ಗೌರಿಬಿದನೂರಿನ ಅಧ್ಯಕ್ಷರ ಮನೆಯಲ್ಲಿ. ಊರ ಗುಡ್ಡದ ವಿಷಯದಲ್ಲಿ ಸೋತು ಬಗ್ಗಿದ ಅಧ್ಯಕ್ಷರು ಮನೆಯ ತುಳಸಿಯ ವಿಷಯದಲ್ಲಿ ಒಂದಿಂಚೂ ಬಗ್ಗಲಿಲ್ಲ. ಎಲ್ಲ ಕಡೆಯೂ ಬಾಗಿಲಲ್ಲಿ ನಿಂತು ಒಳಗೆ ಕರೆದರು, ಚಾಪೆ ಹಾಸಿದರು, ಪ್ರಸಾದ ತಂದುಕೊಟ್ಟ ಮೂರ್ತಿಯವರ ಕಾಲಿಗೂ ನಮಸ್ಕರಿಸಿದರು. ನಾನು ಬಂದ ಕೆಲಸ ಹೇಳಿದ ಮೇಲೆ, ಮುಖ ಬಿಗಿದುಕೊಂಡೇ, ಕಾಫಿ ಕೊಟ್ಟರು. ತುಳಸಿಯನ್ನು ಮುಟ್ಟಲು ಒಬ್ಬರೂ ಬಿಡಲಿಲ್ಲ.